ಪ್ರೊಜೆಕ್ಟರ್ ಸೀನರಿ ಕೈ ಕೊಟ್ಟಾಗ: ದೋಷ ಎಲ್ಲಿದೆ ಅಂತ ಹುಡುಕೋ ಬಗೆ

ಬಟ್ಟೆ ಮೇಲೆ ಬಣ್ಣ ಬಳಿದು ಸೀನರಿ ಮಾಡಿಸೋಕೆ ದುಡ್ಡಿಲ್ಲ, ಸೆಟ್ ಕಟ್ಟೋಕೆ ಜನ ಇಲ್ಲ, ಯಾರ ಹತ್ರಾನೋ ಒಂದು ಪ್ರೊಜೆಕ್ಟರ್ ಇದೆ, ಕಾಡು ಅರಮನೆ ಬೀದಿ ಎಲ್ಲಾನೂ ಅದರಲ್ಲೇ ಬಿಡೋಣ ಅಂತ ನಾಟಕದ ತಂಡದಲ್ಲಿ ತೀರ್ಮಾನ ಆಗತ್ತೆ. ಮನೇಲಿ ಕತ್ತಲೆ ಕೋಣೆ ಗೋಡೆ ಮೇಲೆ ಬಿಟ್ಟು ನೋಡಿದಾಗ ಮೈ ಜುಂ ಅನ್ನೋ ಹಾಗಿರತ್ತೆ. ಟೆಕ್ನಿಕಲ್ ರಿಹರ್ಸಲ್ ದಿನ ಸ್ಟೇಜ್ ಲೈಟ್ ಹತ್ತಿದ ತಕ್ಷಣ ಕಾಡೂ ಇಲ್ಲ ಅರಮನೇನೂ ಇಲ್ಲ, ಬೂದಿ ಬಣ್ಣದ ಒಂದು ಮಸುಕು ಅಷ್ಟೇ. ಆಗ ಏನಾಗತ್ತೆ ಅಂದ್ರೆ ಒಬ್ರು ಕೇಬಲ್ ಕಿತ್ತು ಮತ್ತೆ ಚುಚ್ತಾರೆ, ಇನ್ನೊಬ್ರು ಮೆನುಗೆ ಹೋಗಿ ಬ್ರೈಟ್‌ನೆಸ್ ಏರಿಸ್ತಾರೆ, ಮತ್ತೊಬ್ರು ಅದೇ ಹೊತ್ತಿಗೆ ಲ್ಯಾಪ್‌ಟಾಪ್ ರೀಸ್ಟಾರ್ಟ್ ಮಾಡ್ತಾರೆ, ಒಂದು ಗಂಟೆ ಹೋದ್ಮೇಲೆ ಏನು ಕೆಟ್ಟಿತ್ತು ಯಾವುದರಿಂದ ಸರಿ ಹೋಯ್ತು ಅಂತ ಯಾರಿಗೂ ಗೊತ್ತಿರಲ್ಲ, ಮಾರನೇ ದಿನ ಅದೇ ಗೋಳು.

ಇಷ್ಟು ವರ್ಷ ಈ ಕೆಲಸ ಮಾಡಿ ನಂಗೆ ಖಚಿತವಾಗಿರೋ ಒಂದು ಮಾತು: ಪ್ರೊಜೆಕ್ಟರ್ ಸರಿ ಇಲ್ಲ ಅಂತ ಬರೋ ದೂರುಗಳಲ್ಲಿ ಹೆಚ್ಚಿನವು ಪ್ರೊಜೆಕ್ಟರ್‌ದಲ್ಲ. ಪರದೆ ಮೇಲೆ ಬೀಳ್ತಿರೋ ಬೇರೆ ಬೆಳಕಿಂದು, ಕೇಬಲ್‌ದು, ಕರೆಂಟ್ ಪಾಯಿಂಟ್‌ದು, ಇಲ್ಲಾ ನಾವು ಆರಿಸಿದ ಚಿತ್ರದ್ದೇ. ಅದನ್ನ ಬಿಡಿಸಿ ನೋಡೋಕೆ ಎರಡು ಪರೀಕ್ಷೆ ಇದೆ, ಎರಡೂ ಸೇರಿ ಒಂದು ನಿಮಿಷದ ಕೆಲಸ.

ಮೊದಲು ಈ ಎರಡು ಪರೀಕ್ಷೆ

ಒಂದು, ಸ್ಟೇಜ್ ಮೇಲಿನ ಲೈಟೆಲ್ಲ ಆಫ್ ಮಾಡ್ಸಿ, ಹಾಲ್ ಲೈಟೂ ಆಫ್ ಮಾಡ್ಸಿ, ಬರೀ ಚಿತ್ರ ಮಾತ್ರ ನೋಡಿ. ಕತ್ತಲೇಲಿ ಚೆನ್ನಾಗಿದ್ದು ಲೈಟ್ ಬಂದಾಗ ಕೆಡ್ತಿದೆ ಅಂದ್ರೆ ಯಂತ್ರ ಮುಟ್ಟಲೇಬೇಡಿ, ದೋಷ ಲೈಟಿಂಗ್‌ನಲ್ಲಿದೆ. ಎರಡು, ರಿಮೋಟ್‌ನಲ್ಲಿ ಮೆನು ಬಟನ್ ಒತ್ತಿ. ಆ ಮೆನು ಲ್ಯಾಪ್‌ಟಾಪಿಂದ ಬರಲ್ಲ, ಕೇಬಲ್ ಮೂಲಕಾನೂ ಬರಲ್ಲ, ಪ್ರೊಜೆಕ್ಟರ್ ತಾನೇ ಬರೆಯೋದು. ಮೆನು ಸ್ಪಷ್ಟವಾಗಿ ಸರಿಯಾದ ಬಣ್ಣದಲ್ಲಿ ಬಂದು ಚಿತ್ರ ಮಾತ್ರ ಕೆಟ್ಟಿದ್ರೆ ದೋಷ ಕೇಬಲ್‌ನಲ್ಲೋ ಲ್ಯಾಪ್‌ಟಾಪಲ್ಲೋ ಇದೆ. ಮೆನೂನೂ ಮಸುಕು, ಮೆನೂನೂ ಸೊಟ್ಟ, ಮೆನೂನೂ ಹಳದಿ ಅಂತಾದ್ರೆ ದೋಷ ಪ್ರೊಜೆಕ್ಟರ್ ಇಲ್ಲಾ ಪರದೆ ಕಡೆದು. ಇದಿಷ್ಟರಲ್ಲೇ ಅರ್ಧ ಹುಡುಕಾಟ ಮುಗಿಯತ್ತೆ. ಆಮೇಲೆ ಒಂದು ಸಲಕ್ಕೆ ಒಂದೇ ಒಂದು ಬದಲಾವಣೆ ಮಾಡಿ, ಮಾಡಿದ್ದನ್ನ ಚೀಟೀಲಿ ಬರ್ಕೊಳ್ಳಿ, ಮತ್ತೆ ನೋಡಿ. ಇದು ಬೇಜಾರಿನ ಕೆಲಸ ಅನ್ಸತ್ತೆ ಆದ್ರೆ ದಯವಿಟ್ಟು ಹೀಗೇ ಮಾಡಿ.

ಲೈಟ್ ಹತ್ತಿದ್ರೆ ಚಿತ್ರ ಮಾಯ

ಇದೇ ದೊಡ್ಡ ದೂರು, ಅದಕ್ಕೆ ಇಲ್ಲಿ ಜಾಸ್ತಿ ಹೊತ್ತು ನಿಲ್ತೀನಿ. ಮೊದಲು ಒಂದು ವಿಷಯ ತಲೇಲಿ ಕೂತ್ಕೋಬೇಕು, ಪ್ರೊಜೆಕ್ಟರ್‌ಗೆ ಕಪ್ಪು ಬಣ್ಣ ಬಿಡೋಕೆ ಬರಲ್ಲ. ಅದು ಬೆಳಕು ಮಾತ್ರ ಬಿಡತ್ತೆ, ಕಪ್ಪು ಅಂದ್ರೆ ಅಲ್ಲಿ ಬೆಳಕು ಬಿಡದೇ ಇರೋದು. ಹಾಗಾಗಿ ಚಿತ್ರದಲ್ಲಿ ಕಪ್ಪು ಎಷ್ಟು ಕಪ್ಪಾಗಿರತ್ತೆ ಅನ್ನೋದನ್ನ ಆ ಹೊತ್ತಲ್ಲಿ ಪರದೆ ಮೇಲೆ ಬೇರೆ ಕಡೆಯಿಂದ ಎಷ್ಟು ಬೆಳಕು ಬಿದ್ದಿದೆ ಅನ್ನೋದೇ ನಿರ್ಧಾರ ಮಾಡತ್ತೆ.

ಲೆಕ್ಕ ಹಾಕಿದ್ರೆ ಸ್ಪಷ್ಟ ಆಗತ್ತೆ. ಲುಮೆನ್ ಅಂದ್ರೆ ಯಂತ್ರ ಬಿಡೋ ಒಟ್ಟು ಬೆಳಕು, ಲಕ್ಸ್ ಅಂದ್ರೆ ಒಂದು ಚದರ ಮೀಟರ್ ಮೇಲೆ ಬೀಳೋ ಲುಮೆನ್. 3000 ಲುಮೆನ್ ಪ್ರೊಜೆಕ್ಟರ್‌ನಿಂದ 4 ಮೀಟರ್ ಅಗಲ 3 ಮೀಟರ್ ಎತ್ತರದ ಚಿತ್ರ ಬಿಟ್ರೆ ವಿಸ್ತೀರ್ಣ 12 ಚದರ ಮೀಟರ್, ಭಾಗಿಸಿದ್ರೆ ಬಿಳಿ ಜಾಗದಲ್ಲಿ 250 ಲಕ್ಸ್. ಈಗ ಸ್ಟೇಜ್ ಲೈಟಿಂದ ಸೋರಿ ಪರದೆ ಮೇಲೆ 100 ಲಕ್ಸ್ ಬೀಳ್ತಿದೆ ಅಂದ್ಕೊಳ್ಳಿ. ಬಿಳಿ 350 ಆಯ್ತು, ಕಪ್ಪು 100 ಆಯ್ತು, ಅಂದ್ರೆ ಬಿಳಿಗೂ ಕಪ್ಪಿಗೂ ಮೂರೂವರೆ ಪಟ್ಟು ವ್ಯತ್ಯಾಸ ಅಷ್ಟೇ, ಅದೇ ಆ ಬೂದಿ ಮಸುಕು. ಅದೇ ಸೋರಿಕೆಯನ್ನ 10 ಲಕ್ಸ್‌ಗೆ ಇಳಿಸಿದ್ರೆ 260ಕ್ಕೆ 10, 26 ಪಟ್ಟು, ಚಿತ್ರ ಎದ್ದು ನಿಲ್ಲತ್ತೆ. ಸೋರಿಕೆ ಹಾಗೇ ಬಿಟ್ಟು ಪ್ರೊಜೆಕ್ಟರ್ ಡಬಲ್ ಮಾಡಿ 6000 ಲುಮೆನ್ ತಂದ್ರೂ 600ಕ್ಕೆ 100, ಆರು ಪಟ್ಟೇ ಆಗೋದು. ದೊಡ್ಡ ಪ್ರೊಜೆಕ್ಟರ್ ಬಾಡಿಗೆಗೆ ದುಡ್ಡು ಕೂಡಿಸೋಕೆ ಮುಂಚೆ ದಯವಿಟ್ಟು ಈ ಲೆಕ್ಕ ತಂಡದವರಿಗೆ ತೋರ್ಸಿ. ಬ್ರೈಟ್‌ನೆಸ್ ಸೆಟ್ಟಿಂಗ್ ಏರಿಸೋದಂತೂ ಕಪ್ಪನ್ನೂ ಮೇಲೆತ್ತತ್ತೆ, ಇನ್ನೂ ಮಸುಕಾಗತ್ತೆ, ಅದನ್ನ ಮೊದಲಿದ್ದಲ್ಲಿಗೇ ತನ್ನಿ.

ಸೋರಿಕೆ ಎಲ್ಲಿಂದ ಅಂತ ಕಂಡುಹಿಡಿಯೋಕೆ ಪ್ರೊಜೆಕ್ಟರ್ ಲೆನ್ಸ್ ಮುಚ್ಚಿ, ನಟರ ಜಾಗಕ್ಕೆ ಹಾಕೋ ಲೈಟ್‌ಗಳನ್ನ ಒಂದೊಂದಾಗಿ ಹತ್ತಿಸ್ತಾ ಪರದೆ ನೋಡಿ. ಫೋನಲ್ಲಿ ಲಕ್ಸ್ ಅಳೆಯೋ ಆ್ಯಪ್ ಇದ್ರೆ ಪರದೆ ಹತ್ರ ಹಿಡಿರಿ, ಅದು ಕೊಡೋ ಅಂಕಿ ಕರಾರುವಾಕ್ಕಾಗಿ ಇರಬೇಕು ಅಂತೇನಿಲ್ಲ, ಯಾವ ಲೈಟ್ ಹೆಚ್ಚು ಸೋರಿಸ್ತಿದೆ ಅಂತ ಹೋಲಿಸೋಕೆ ಸಾಕು. ಅಪರಾಧಿ ಸಾಮಾನ್ಯವಾಗಿ ಎದುರಿಂದ ತಗ್ಗಿನಲ್ಲಿ ಹೊಡೆಯೋ ಫ್ಲಡ್ ಲೈಟ್. ಅದು ನಟರ ಮುಖದ ಪಕ್ಕದಿಂದ ಹಾದು ನೇರ ಪರದೆಗೆ ಹೋಗತ್ತೆ.

ಪರಿಹಾರ ಹೀಗೆ. ಮುಖದ ಲೈಟನ್ನ ಎತ್ತರಕ್ಕೆ ಏರಿಸಿ 45 ಡಿಗ್ರಿ ಆಸುಪಾಸಲ್ಲಿ ಕೆಳಗೆ ಹೊಡೀರಿ, ಬಾರ್ನ್‌ಡೋರ್‌ನ (ಲೈಟಿನ ಮುಂದೆ ಬೆಳಕು ತಡೆಯೋಕೆ ಇರೋ ಲೋಹದ ರೆಕ್ಕೆಗಳು) ಮೇಲಿನ ರೆಕ್ಕೆಯಿಂದ ನಟರ ತಲೆಗಿಂತ ಸ್ವಲ್ಪ ಮೇಲಕ್ಕೆ, ಅಂದ್ರೆ ಸುಮಾರು 2 ಮೀಟರ್ ಎತ್ತರಕ್ಕೆ ಬೆಳಕನ್ನ ಕತ್ತರಿಸಿ. 45 ಡಿಗ್ರೀಲಿ 2 ಮೀಟರ್ ಎತ್ತರದಲ್ಲಿ ಹಾದ ಬೆಳಕು 2 ಮೀಟರ್ ಹಿಂದೆ ನೆಲ ಮುಟ್ಟತ್ತೆ, ಹಾಗಾಗಿ ನಟರು ಪರದೆಯಿಂದ 2 ಮೀಟರ್ ಮುಂದೆ ಇದ್ರೆ ಆ ಬೆಳಕು ಪರದೆ ಬುಡಕ್ಕೆ ಬಂದು ನಿಲ್ಲತ್ತೆ, ಮೇಲೆ ಏರಲ್ಲ. ಅದಕ್ಕಿಂತ ಒಳ್ಳೇದು ಎರಡೂ ಪಕ್ಕದ ವಿಂಗ್‌ನಿಂದ ಸೈಡ್ ಲೈಟ್ ಕೊಡೋದು, ಅದು ಸ್ಟೇಜ್ ಅಡ್ಡಕ್ಕೆ ಹೋಗಿ ಎದುರಿನ ವಿಂಗ್‌ಗೆ ಬೀಳತ್ತೆ, ಪರದೆ ಕಡೆ ತಿರುಗೋದೇ ಇಲ್ಲ, ನಟರ ದೇಹಕ್ಕೆ ಒಂದು ದುಂಡು ಆಕಾರಾನೂ ಬರತ್ತೆ. ಬಾರ್ನ್‌ಡೋರ್ ಇಲ್ದಿದ್ರೆ ಬೆಂಕಿ ಹಿಡಿಯದ ಕಪ್ಪು ಲೋಹದ ಹಾಳೆ ಬಗ್ಗಿಸಿ ಕಟ್ಬಹುದು, ಬಿಸಿಯಾಗೋ ಲೈಟ್‌ಗೆ ರಟ್ಟು ಕಟ್ಬೇಡಿ.

ಇಷ್ಟೆಲ್ಲ ಮಾಡಿದ್ರೂ ಸೋರಿಕೆ ಇದೆ ಅಂದ್ರೆ ನೆಲ ನೋಡಿ. ತಿಳಿ ಬಣ್ಣದ, ಪಾಲಿಶ್ ಆಗಿರೋ ನೆಲ ಆಗಿದ್ರೆ ಮೇಲಿಂದ ಬಿದ್ದ ಬೆಳಕೆಲ್ಲ ಪುಟಿದು ಪರದೆಯ ಕೆಳಭಾಗಕ್ಕೆ ಹೋಗತ್ತೆ. ಹೊಳಪಿಲ್ಲದ ಕಪ್ಪು ಬಟ್ಟೆ ಎಳೆದು ಬಿಗಿಯಾಗಿ ಹಾಸಿ, ಅಂಚು ಟೇಪ್ ಮಾಡಿ. ಎಷ್ಟೋ ತಂಡಗಳು ಇದನ್ನ ಬಿಟ್ಟಿರ್ತಾರೆ, ಮಾಡಿದ ಮೇಲೆ ಆಗೋ ವ್ಯತ್ಯಾಸ ಕಣ್ಣಿಗೆ ಹೊಡೆಯತ್ತೆ.

ಕತ್ತಲೇಲೂ ಮಸುಕು ಅಂದ್ರೆ ಆಗ ಯಂತ್ರದ ಕಡೆ ತಿರುಗಿ. ಬೆಳಕು ಇಳಿಸಿ ಕರೆಂಟ್ ಉಳಿಸೋ ಇಕೋ ಮೋಡ್ ಆನ್ ಇದ್ಯಾ ನೋಡಿ. ಲ್ಯಾಂಪ್ ಗಂಟೆ ಮೆನುವಲ್ಲಿ ನೋಡಿ, ಲ್ಯಾಂಪ್ ಆಯಸ್ಸು ಅಂತ ಬರೆದಿರೋ ಗಂಟೆ ಅಂದ್ರೆ ಸಾಮಾನ್ಯವಾಗಿ ಬೆಳಕು ಅರ್ಧಕ್ಕೆ ಇಳಿಯೋ ಹೊತ್ತು, ಅಂದ್ರೆ ಹಳೇ ಲ್ಯಾಂಪಿನ 3000 ಲುಮೆನ್ ಈಗ 1500 ಆಗಿರಬಹುದು. ಲೆನ್ಸ್ ಮೇಲೆ ಧೂಳು, ಹೊಗೆ ಯಂತ್ರದ ಜಿಡ್ಡು ಇದ್ಯಾ ನೋಡಿ. ಬಿಳಿ ಚೆನ್ನಾಗಿದ್ದು ಬಣ್ಣ ಮಾತ್ರ ಸತ್ತಂಗಿದೆ ಅಂದ್ರೆ ಅದು ಒಂದೇ ಚಿಪ್‌ನ ಡಿಎಲ್‌ಪಿ ಪ್ರೊಜೆಕ್ಟರ್ (ಸಣ್ಣ ಕನ್ನಡಿಗಳ ಚಿಪ್‌ನಿಂದ ಚಿತ್ರ ಮಾಡೋ ಯಂತ್ರ) ಆಗಿರಬಹುದು. ಅವುಗಳಲ್ಲಿ ಕೆಲವಕ್ಕೆ ಬಣ್ಣದ ಚಕ್ರದಲ್ಲಿ ಒಂದು ಬಿಳಿ ಭಾಗಾನೂ ಇರತ್ತೆ, ಅದರಿಂದ ಬಿಳಿ ಲುಮೆನ್ ಜಾಸ್ತಿ ಬರತ್ತೆ, ಕೆಂಪು ಹಸಿರು ಅಷ್ಟು ಬರಲ್ಲ. ಸೆಟ್ಟಿಂಗ್‌ನಲ್ಲಿ ಸಿನಿಮಾ ಮೋಡ್ ಹಾಕಿದ್ರೆ ಒಟ್ಟು ಬೆಳಕು ಇಳಿದ್ರೂ ಬಣ್ಣ ಸರಿಯಾಗತ್ತೆ. ಅದೂ ಸಾಲ್ದಿದ್ರೆ ಚಿತ್ರ ಚಿಕ್ಕದು ಮಾಡಿ. 6 ಮೀಟರ್ ಅಗಲ ನಾಲ್ಕೂವರೆ ಮೀಟರ್ ಎತ್ತರ ಅಂದ್ರೆ 27 ಚದರ ಮೀಟರ್, ಅದೇ 3000 ಲುಮೆನ್ ಬರೀ 111 ಲಕ್ಸ್ ಆಗಿ ಹರಡಿಹೋಗತ್ತೆ. ಇಡೀ ಹಿಂಭಾಗ ತುಂಬಿಸ್ಬೇಕು ಅನ್ನೋ ಆಸೆ ಬಿಟ್ಟು ಒಂದು ಕಿಟಕಿ, ಒಂದು ಬಾಗಿಲು, ಒಂದು ಆಕಾಶದ ತುಂಡು ಅಂತ ಇಟ್ರೆ ಕಡಿಮೆ ಯಂತ್ರದಲ್ಲೂ ಗಟ್ಟಿ ಚಿತ್ರ ಸಿಗತ್ತೆ, ಮತ್ತೆ ನನ್ನ ಅಭಿಪ್ರಾಯದಲ್ಲಿ ರಂಗದ ಮೇಲೆ ಅದೇ ಹೆಚ್ಚು ಚೆಂದ.

ನಟರ ನೆರಳು ಬೀಳ್ತಿದೆ

ಎದುರಿಂದ ಬಿಡೋ ಪ್ರೊಜೆಕ್ಷನ್‌ನಲ್ಲಿ ನೆರಳು ಬಂದ್ರೆ ಅದು ಜ್ಯಾಮಿತಿ ತಪ್ಪು, ಬೇರೇನೂ ಅಲ್ಲ. ಹುಡುಕೋಕೆ ಒಂದು ದಾರ ಸಾಕು. ಲೆನ್ಸ್ ಪಕ್ಕದಿಂದ ಚಿತ್ರದ ಕೆಳ ಅಂಚಿನವರೆಗೆ ದಾರ ಬಿಗಿಯಾಗಿ ಹಿಡೀರಿ, ಆ ದಾರಕ್ಕೆ ತಲೆ ತಾಗೋ ಜಾಗದಲ್ಲೆಲ್ಲ ನೆರಳು ಬೀಳತ್ತೆ. ಪ್ರೊಜೆಕ್ಟರ್ ಪರದೆಯಿಂದ 6 ಮೀಟರ್ ದೂರ, 4 ಮೀಟರ್ ಎತ್ತರದಲ್ಲಿದೆ, ಚಿತ್ರದ ಕೆಳ ಅಂಚು ನೆಲದಿಂದ 1 ಮೀಟರ್ ಮೇಲಿದೆ ಅಂದ್ಕೊಳ್ಳಿ. ಪರದೆಯಿಂದ ಒಂದೊಂದು ಮೀಟರ್ ಮುಂದೆ ಬಂದ ಹಾಗೆ ಆ ದಾರ ಅರ್ಧ ಮೀಟರ್ ಏರತ್ತೆ. 1.7 ಮೀಟರ್ ಎತ್ತರದ ನಟ ಪರದೆಯಿಂದ 1.4 ಮೀಟರ್‌ಗಿಂತ ಮುಂದೆ ನಿಂತ್ರೆ ನೆರಳಿಲ್ಲ, ಕೈ ಮೇಲೆತ್ತಿ 2.1 ಮೀಟರ್ ಮುಟ್ಟಿದ್ರೆ 2.2 ಮೀಟರ್ ಮುಂದೆ ಇರಬೇಕು. ನಿಮ್ಮ ಅಳತೆ ಹಾಕಿ ಆ ಗೆರೆಯನ್ನ ನೆಲದ ಮೇಲೆ ಟೇಪಲ್ಲಿ ಎಳೆದುಬಿಡಿ, ರಿಹರ್ಸಲ್ ಮೊದಲ ದಿನದಿಂದಲೇ ನಟರು ಅದಕ್ಕೆ ಹೊಂದ್ಕೊಳ್ಳಲಿ, ಕಡೇ ದಿನ ಹೇಳಿದ್ರೆ ಪಾಪ ಅವರಿಗೆ ಮಾತೂ ಮರೆಯತ್ತೆ ಜಾಗಾನೂ ಮರೆಯತ್ತೆ. ಲೈಟಿಗೂ 2 ಮೀಟರ್ ಬೇಕಿತ್ತು, ನೆರಳಿಗೂ ಹೆಚ್ಚುಕಮ್ಮಿ ಅಷ್ಟೇ ಬೇಕು, ಹಾಗಾಗಿ ಒಂದೇ ಗೆರೆ ಎರಡಕ್ಕೂ ಆಗತ್ತೆ.

ಸ್ಟೇಜ್ ಆಳ ಇಲ್ಲ, ಅಷ್ಟು ಮುಂದೆ ಬರೋಕಾಗಲ್ಲ ಅಂದ್ರೆ ಹಿಂದಿನಿಂದ ಬಿಡೋದು ಒಂದು ದಾರಿ ಅಂತ ಎಲ್ಲರೂ ಹೇಳ್ತಾರೆ, ಆದ್ರೆ ಆಳ ಇಲ್ದೇ ಇರೋರಿಗೆ ಹಿಂದೆ ಜಾಗ ಎಲ್ಲಿಂದ ಬರ್ಬೇಕು. ಸಾಧಾರಣ ಆಫೀಸ್ ಪ್ರೊಜೆಕ್ಟರಿನ ಥ್ರೋ ಅನುಪಾತ 1.5ರಿಂದ 2 ಇರತ್ತೆ, ಅಂದ್ರೆ ಚಿತ್ರದ ಅಗಲದ ಒಂದೂವರೆಯಿಂದ ಎರಡು ಪಟ್ಟು ದೂರ ಬೇಕು, 4 ಮೀಟರ್ ಅಗಲಕ್ಕೆ ಕನಿಷ್ಠ 6 ಮೀಟರ್. ಶಾರ್ಟ್ ಥ್ರೋ ಯಂತ್ರ ಸಿಕ್ಕಿದ್ರೆ 1ಕ್ಕಿಂತ ಕಡಿಮೆ ಅನುಪಾತದಲ್ಲಿ ಕೆಲಸ ಆಗತ್ತೆ. ಹಿಂದಿನಿಂದ ಬಿಡುವಾಗ ಬರೋ ದೋಷ ಎರಡು. ಚಿತ್ರ ಎಡಬಲ ಉಲ್ಟಾ, ಅದಕ್ಕೆ ಮೆನುವಲ್ಲಿ ರಿಯರ್ ಅಂತ ಆಯ್ಕೆ ಇರತ್ತೆ. ಇನ್ನೊಂದು, ಪರದೆ ಮಧ್ಯದಲ್ಲಿ ಲೆನ್ಸಿನ ಬೆಳಕು ನೇರ ಪ್ರೇಕ್ಷಕರ ಕಣ್ಣಿಗೆ ಹೊಡೆಯೋ ಉರಿಯೋ ಚುಕ್ಕೆ. ತೆಳು ಬೆಡ್‌ಶೀಟ್ ಕಟ್ಟಿದಾಗ ಇದು ಖಂಡಿತ ಬರತ್ತೆ. ದಪ್ಪ ಬಟ್ಟೆ ಕಟ್ಟಿ, ಇಲ್ಲಾ ಹಿಂಪ್ರೊಜೆಕ್ಷನ್‌ಗೆ ಅಂತಲೇ ಬರೋ ಹಾಳೆ ಹಾಕಿ, ಪ್ರೊಜೆಕ್ಟರನ್ನ ನೆಲಕ್ಕೋ ಮೇಲಕ್ಕೋ ಸರಿಸಿ ಆ ಚುಕ್ಕೆ ಪ್ರೇಕ್ಷಕರ ಕಣ್ಣಿನ ಸಾಲಿಂದ ಆಚೆ ಹೋಗೋ ಹಾಗೆ ಮಾಡಿ. ಜಾಗ ಉಳಿಸೋಕೆ ಕನ್ನಡಿಯಿಂದ ತಿರುಗಿಸಿದಾಗ ಚಿತ್ರ ಜೋಡಿ ಜೋಡಿಯಾಗಿ ಕಂಡ್ರೆ ಮೆನುವಲ್ಲಿ ಹುಡುಕ್ಬೇಡಿ, ಮನೆ ಕನ್ನಡಿಗೆ ಗಾಜಿನ ಮುಂಭಾಗದಿಂದ ಒಂದು, ಹಿಂದಿನ ಪಾದರಸದ ಲೇಪದಂಥ ಪದರದಿಂದ ಇನ್ನೊಂದು ಅಂತ ಎರಡು ಪ್ರತಿಫಲನ ಇರತ್ತೆ. ಮುಂಭಾಗದಲ್ಲೇ ಲೇಪ ಇರೋ ಕನ್ನಡಿ ಬೇಕು.

ಚಿತ್ರ ಸೊಟ್ಟ, ಒಂದು ಕಡೆ ಮಸುಕು

ಮೇಲಿಂದ ಕೆಳಕ್ಕೆ ಬಗ್ಗಿಸಿದ್ರೆ ಚಿತ್ರದ ಕೆಳಭಾಗ ಅಗಲ ಆಗತ್ತೆ, ಅದನ್ನ ಕೀಸ್ಟೋನ್ ಬಟನ್‌ನಿಂದ ಚೌಕ ಮಾಡ್ತೀವಿ. ಆದ್ರೆ ಕೀಸ್ಟೋನ್ ಅನ್ನೋದು ಚಿತ್ರವನ್ನ ಒಳಗೇ ಹಿಸುಕೋದು, ಪಿಕ್ಸೆಲ್ ಹೋಗತ್ತೆ, ಬೆಳಕು ಹೋಗತ್ತೆ, ಹಿಸುಕಿ ಬಿಟ್ಟ ಜಾಗದಲ್ಲಿ ಮಂದ ಬೂದು ಅಂಚೊಂದು ಉಳಿದು ಕತ್ತಲೆ ದೃಶ್ಯದಲ್ಲಿ ಕಾಣ್ಸತ್ತೆ. ಲೆನ್ಸ್ ಶಿಫ್ಟ್ ಇರೋ ಯಂತ್ರ ಆದ್ರೆ ಅದನ್ನೇ ಬಳಸಿ, ಅದು ಗಾಜನ್ನೇ ಸರಿಸೋದ್ರಿಂದ ಏನೂ ನಷ್ಟ ಇಲ್ಲ. ಇಲ್ದಿದ್ರೆ ಒಂದು ಉಪಾಯ ಇದೆ, ಮೇಜಿನ ಮೇಲಿಡೋ ಪ್ರೊಜೆಕ್ಟರ್‌ಗಳು ಹೆಚ್ಚಿನವು ಮಟ್ಟವಾಗಿಟ್ರೂ ಚಿತ್ರವನ್ನ ಲೆನ್ಸಿಗಿಂತ ಮೇಲಕ್ಕೆ ಎಸೆಯೋ ಹಾಗೆ ಮಾಡಿರ್ತಾರೆ. ಅದನ್ನೇ ತಲೆಕೆಳಗು ನೇತುಹಾಕಿ ಮೆನುವಲ್ಲಿ ಸೀಲಿಂಗ್ ಅಂತ ಹಾಕಿದ್ರೆ ಬಗ್ಗಿಸದೇನೇ ಕೆಳಕ್ಕೆ ಎಸೆಯತ್ತೆ, ಕೀಸ್ಟೋನ್ ಬೇಕಾಗೋದೇ ಇಲ್ಲ, ಇಲ್ಲಾ ತೀರಾ ಸ್ವಲ್ಪ ಸಾಕು. ಜನರ ತಲೆ ಮೇಲೆ ನೇತುಹಾಕುವಾಗ ಕ್ಲಾಂಪ್ ಜೊತೆಗೆ ಪ್ರತ್ಯೇಕವಾಗಿ ಒಂದು ಉಕ್ಕಿನ ಸೇಫ್ಟಿ ವಯರ್ ಕಟ್ಟಿ, ಇದರಲ್ಲಿ ಯಾವ ರಾಜಿನೂ ಬೇಡ.

ಒಂದು ಕಡೆ ಫೋಕಸ್ ಇದ್ದು ಇನ್ನೊಂದು ಕಡೆ ಇಲ್ಲ ಅಂದ್ರೆ ಯಂತ್ರ ಪರದೆಗೆ ನೇರ ಇಲ್ಲ. ಫೋಕಸ್ ಮಾಡಿಟ್ಟಿದ್ದು ಅರ್ಧ ಗಂಟೇಲಿ ಕೆಟ್ಟಿತು ಅಂದ್ರೆ ಲೆನ್ಸ್ ಬಿಸಿಯಾಗಿ ಸರಿದಿದೆ, ಆನ್ ಮಾಡಿ 20-30 ನಿಮಿಷ ಬಿಟ್ಟೇ ಫೋಕಸ್ ಮಾಡಿ. ಪರದೆ ಸುಕ್ಕಾಗಿದ್ರೆ, ನಟರು ಓಡಾಡಿದಾಗ ಅರಮನೆ ಅಲುಗಾಡ್ತಿದ್ರೆ ಬಟ್ಟೆಯ ಕೆಳ ಮಡಿಕೇಲಿ ಉದ್ದಕ್ಕೆ ಒಂದು ಪೈಪ್ ತೂರಿಸಿ ಪಕ್ಕಗಳನ್ನ ಎಳೆದು ಕಟ್ಟಿ.

ಸಿಗ್ನಲ್ ಇಲ್ಲ, ಬಣ್ಣ ಕೆಟ್ಟಿದೆ

ಮೆನು ಸರಿ ಇದೆ ಚಿತ್ರ ಕೆಟ್ಟಿದೆ ಅನ್ನೋರು ಇಲ್ಲಿಗೆ ಬನ್ನಿ. ಮೊದಲ ಕೆಲಸ, ಲ್ಯಾಪ್‌ಟಾಪನ್ನೇ ಎತ್ಕೊಂಡು ಪ್ರೊಜೆಕ್ಟರ್ ಹತ್ರ ಹೋಗಿ ಒಂದು ಚಿಕ್ಕ ಕೇಬಲ್‌ನಲ್ಲಿ ಚುಚ್ಚಿ ನೋಡಿ. ಸರಿ ಬಂತು ಅಂದ್ರೆ ಉದ್ದದ ಕೇಬಲ್‌ದೇ ದೋಷ. ಎಚ್‌ಡಿಎಂಐ ಸಾದಾ ಕೇಬಲ್ 10-15 ಮೀಟರ್ ದಾಟಿದ್ರೆ ಭರವಸೆ ಇಡೋ ಹಾಗಿಲ್ಲ. ಅದು ಡಿಜಿಟಲ್ ಆಗಿರೋದ್ರಿಂದ ಉದ್ದ ಹೆಚ್ಚಾದ್ರೆ ಚಿತ್ರ ನಿಧಾನಕ್ಕೆ ಮಸುಕಾಗಲ್ಲ, ಮಿಣಮಿಣ ಚುಕ್ಕಿ ಬರತ್ತೆ, ಎರಡು ಸೆಕೆಂಡ್ ಕಪ್ಪಾಗಿ ಮತ್ತೆ ಬರತ್ತೆ, ಆಮೇಲೆ ಪೂರ್ತಿ ಹೋಗತ್ತೆ. ಆಪ್ಟಿಕಲ್ ಎಚ್‌ಡಿಎಂಐ ಕೇಬಲ್ ಹಾಕಿದೀರಿ ಅಂದ್ರೆ ಅದಕ್ಕೆ ದಿಕ್ಕು ಇರತ್ತೆ, ಒಂದು ತುದಿ ಮೂಲಕ್ಕೆ ಇನ್ನೊಂದು ಪರದೆ ಕಡೆಗೆ ಅಂತ ಬರೆದಿರತ್ತೆ, ಉಲ್ಟಾ ಹಾಕಿದ್ರೆ ಏನೂ ಬರಲ್ಲ, ಎಷ್ಟೋ ಜನ ಹೊಸ ಕೇಬಲ್ಲೇ ಹಾಳು ಅಂತ ವಾಪಸ್ ಕೊಡ್ತಾರೆ. ನೆಟ್‌ವರ್ಕ್ ಕೇಬಲ್ ಮೇಲೆ ಎಚ್‌ಡಿಎಂಐ ಕಳಿಸೋ ಎಕ್ಸ್‌ಟೆಂಡರ್ ಜೋಡಿ ಸಿಕ್ಕಿದ್ರೆ ದೂರದ ಹಾಲ್‌ಗೆ ಅದು ಒಳ್ಳೇದು.

ಹಳೇ ವಿಜಿಎ ಕೇಬಲ್ ಆದ್ರೆ ಬಣ್ಣವೇ ದೋಷ ಹೇಳತ್ತೆ. ಚಿತ್ರ ಪೂರ್ತಿ ಹಳದಿ ಅಂದ್ರೆ ನೀಲಿ ತಂತಿ ಹೋಗಿದೆ, ನೇರಳೆ ಮಿಶ್ರಿತ ಗುಲಾಬಿ ಅಂದ್ರೆ ಹಸಿರು ಹೋಗಿದೆ, ಹಸಿರು ನೀಲಿ ಬೆರೆತ ಬಣ್ಣ ಅಂದ್ರೆ ಕೆಂಪು ಹೋಗಿದೆ. ಕೇಬಲ್ ತುದಿ ಬಿಚ್ಚಿ ನೋಡಿದ್ರೆ ಒಂದು ಪಿನ್ ಬಗ್ಗಿರೋದು ಕಾಣ್ಸತ್ತೆ. ಎಚ್‌ಡಿಎಂಐನಲ್ಲಿ ಇಡೀ ಚಿತ್ರ ಗುಲಾಬಿ ಹಸಿರು ಆಗಿದ್ರೆ ಎರಡೂ ಕಡೆ ಕಲರ್ ಸ್ಪೇಸ್ ಸೆಟ್ಟಿಂಗ್ ಬೇರೆ ಬೇರೆ ಇದೆ. ಕಪ್ಪು ಮಾತ್ರ ಬೂದು ಆಗಿ ತೇಲ್ತಾ ಇದ್ರೆ ರೇಂಜ್ ಸೆಟ್ಟಿಂಗ್, ಫುಲ್ಲಾ ಲಿಮಿಟೆಡ್ಡಾ ಅಂತ ಎರಡೂ ಕಡೆ ಒಂದೇ ಮಾಡಿ, ಇದು ಒಂದು ಚಿಕ್ಕ ಬದಲಾವಣೆ, ರಾತ್ರಿ ದೃಶ್ಯಗಳಿಗೆ ಜೀವ ಬರತ್ತೆ.

ಬಣ್ಣ ಸರಿ ಇದ್ದು ಅಕ್ಷರ, ಗೆರೆ ಎಲ್ಲ ಮೆತ್ತಗೆ ಕಾಣ್ಸಿದ್ರೆ ರೆಸಲ್ಯೂಶನ್ ನೋಡಿ. ಪ್ರೊಜೆಕ್ಟರ್ ಡಬ್ಬಿ ಮೇಲೆ ಸಪೋರ್ಟ್ ಮಾಡತ್ತೆ ಅಂತ ಬರೆದಿರೋದು ಬೇರೆ, ಅದರ ಸ್ವಂತ ರೆಸಲ್ಯೂಶನ್ ಬೇರೆ. 1280×800 ಯಂತ್ರಕ್ಕೆ 1920×1080 ಕಳಿಸಿದ್ರೆ ತಗೊಳ್ಳತ್ತೆ, ಆದ್ರೆ ಒಳಗೆ ಕುಗ್ಗಿಸತ್ತೆ, ಮೇಲೆ ಕೆಳಗೆ ಪಟ್ಟಿನೂ ಬಿಡತ್ತೆ. ಚಿತ್ರಗಳನ್ನ ಆ ಸ್ವಂತ ಅಳತೆಗೇ ತಯಾರಿಸಿ. ಕೆಲವು ಸಲ ನಿನ್ನೆ ಸರಿ ಇದ್ದ ಅಳತೆ ಇವತ್ತು ಬೇರೆ ಆಗಿರತ್ತೆ, ಯಾಕಂದ್ರೆ ಲ್ಯಾಪ್‌ಟಾಪ್ ಆನ್ ಆದಾಗ ಪ್ರೊಜೆಕ್ಟರನ್ನ ನೀನ್ಯಾರು ನಿನ್ನ ಅಳತೆ ಎಷ್ಟು ಅಂತ ಕೇಳ್ಕೊಳ್ಳತ್ತೆ, ಅದು ಆಫ್ ಇದ್ರೆ ಉತ್ತರ ಸಿಗಲ್ಲ. ದಿನಾ ಒಂದೇ ಕ್ರಮ ಇಟ್ಕೊಳ್ಳಿ: ಮೊದಲು ಪ್ರೊಜೆಕ್ಟರ್, ಆಮೇಲೆ ಮಧ್ಯದ ಎಕ್ಸ್‌ಟೆಂಡರ್, ಕಡೇಲಿ ಲ್ಯಾಪ್‌ಟಾಪ್.

ನಾಟಕದ ಮಧ್ಯೆ ಆಫ್ ಆಗೋಯ್ತು

ಇದು ಎದೆ ನಡುಗಿಸೋ ದೋಷ. ತಾನಾಗೇ ಆಫ್ ಆದಾಗ ಯಂತ್ರದ ಮೇಲಿನ ಚಿಕ್ಕ ದೀಪ ನೋಡಿ, ಟೆಂಪ್ ಅನ್ನೋದು ಮಿನುಗ್ತಿದ್ರೆ ಬಿಸಿ, ಲ್ಯಾಂಪ್ ಅನ್ನೋದು ಮಿನುಗ್ತಿದ್ರೆ ಲ್ಯಾಂಪ್, ಯಾವುದೂ ಇಲ್ಲ ಅಂದ್ರೆ ಕರೆಂಟೇ ಬರ್ತಿಲ್ಲ. ಬಿಸಿಗೆ ಕಾರಣ ಬಹಳ ಸಲ ಧೂಳು ತುಂಬಿದ ಫಿಲ್ಟರ್, ಇಲ್ಲಾ ಫ್ಯಾನ್ ಸದ್ದು ಪ್ರೇಕ್ಷಕರಿಗೆ ಕೇಳ್ಬಾರದು ಅಂತ ಯಾರೋ ಒಳ್ಳೇ ಮನಸ್ಸಿಂದ ಸುತ್ತಿದ ಕಪ್ಪು ಬಟ್ಟೆ. ಗಾಳಿ ಒಳಗೆ ಹೋಗೋ ಕಡೆ ಹೊರಗೆ ಬರೋ ಕಡೆ ಎರಡೂ ಬಿಟ್ಟಿರಲೇಬೇಕು, ಹೊಗೆ ಯಂತ್ರ ಅದರ ಹತ್ರ ಇರಬಾರದು. ಲ್ಯಾಂಪ್ ಇರೋ ಯಂತ್ರ ಒಂದು ಸಲ ಆರಿದ್ರೆ ತಣ್ಣಗಾಗೋ ತನಕ ಮತ್ತೆ ಹತ್ತಲ್ಲ, ಬಟನ್ ಮೇಲೆ ಬಟನ್ ಒತ್ತಿ ಉಪಯೋಗ ಇಲ್ಲ, ಫ್ಯಾನ್ ತಿರುಗೋಕೆ ಬಿಡಿ.

ಕರೆಂಟ್ ಕಥೆ ಹೇಳ್ಬೇಕು. ಒಂದು ನಾಟಕದಲ್ಲಿ ನಮಗೆ ಪ್ರತಿ ಸಲ ಸಂಜೆ ದೃಶ್ಯ ಬಂದಾಗ ಪ್ರೊಜೆಕ್ಟರ್ ಆಫ್ ಆಗ್ತಿತ್ತು, ಬೇರೆ ದೃಶ್ಯದಲ್ಲಿ ಇಲ್ಲ. ಲ್ಯಾಂಪ್ ಬದಲಾಯಿಸಿದ್ವಿ, ಕೇಬಲ್ ಬದಲಾಯಿಸಿದ್ವಿ. ಮೂರನೇ ದಿನ ಲೈಟಿಂಗ್ ಮಾಡ್ತಿದ್ದ ಅಣ್ಣ ಪವರ್ ವಯರ್ ಹಿಡ್ಕೊಂಡು ಕೊನೆವರೆಗೂ ನಡ್ಕೊಂಡು ಹೋದ್ರು, ಅದು ಮೇಲಿನ ಲೈಟ್ ಕಂಬಿ ಮೇಲೆ ಸುಲಭಕ್ಕೆ ಸಿಕ್ಕಿದ ಪಾಯಿಂಟ್‌ಗೆ ಚುಚ್ಚಿತ್ತು, ಆ ಪಾಯಿಂಟ್ ಡಿಮ್ಮರ್‌ದು. ಸಂಜೆ ದೃಶ್ಯಕ್ಕೆ ಆ ಚಾನೆಲ್ ಇಳಿಸಿದ್ರೆ ಪ್ರೊಜೆಕ್ಟರ್ ಕರೆಂಟೂ ಇಳೀತಿತ್ತು. ಡಿಮ್ಮರ್‌ಗೆ ಪ್ರೊಜೆಕ್ಟರ್, ಲ್ಯಾಪ್‌ಟಾಪ್ ಯಾವುದನ್ನೂ ಯಾವತ್ತೂ ಚುಚ್ಬಾರದು, ಡಿಮ್ಮರನ್ನ ಪೂರ್ತಿ ಏರಿಸಿಟ್ಟಿದ್ರೂ ಚುಚ್ಬಾರದು, ಯಂತ್ರ ಸುಟ್ಟು ಹೋಗೋ ಸಾಧ್ಯತೆ ಇದೆ. ದೋಷ ಒಂದೇ ದೃಶ್ಯದಲ್ಲಿ ಬರ್ತಿದೆ ಅಂದ್ರೆ ಆ ದೃಶ್ಯದಲ್ಲಿ ಬೇರೆ ಏನು ಬದಲಾಗತ್ತೆ ಅಂತ ಕೇಳಿ, ಉತ್ತರ ಅಲ್ಲೇ ಇರತ್ತೆ.

ಲ್ಯಾಪ್‌ಟಾಪಿಂದ ಸೌಂಡೂ ಕೊಡ್ತಿದ್ದು ಸ್ಪೀಕರಲ್ಲಿ ಹೂಂ ಅಂತ ಗುಂಯ್‌ಗುಟ್ತಿದ್ರೆ ಚಾರ್ಜರ್ ತೆಗೆದು ನೋಡಿ. ಸದ್ದು ನಿಂತ್ರೆ ಅರ್ತಿಂಗ್ ಲೂಪ್, ಅಂದ್ರೆ ಎರಡು ದಾರೀಲಿ ಅರ್ತ್ ಸೇರಿ ಆಗಿರೋ ಸುತ್ತು. ಮಿಕ್ಸರ್‌ಗೂ ಲ್ಯಾಪ್‌ಟಾಪ್‌ಗೂ ನಡುವೆ ಆ ಸುತ್ತನ್ನ ಕಡಿಯೋ ಡಿಐ ಬಾಕ್ಸ್ ಅನ್ನೋ ಚಿಕ್ಕ ಪೆಟ್ಟಿಗೆ ಹಾಕಿ. ಪ್ಲಗ್‌ನ ಅರ್ತ್ ಪಿನ್ ಕಿತ್ತು ಹಾಕೋರು ಇದಾರೆ, ದಯವಿಟ್ಟು ಬೇಡ, ಅದು ಜೀವದ ಪ್ರಶ್ನೆ.

ಬ್ಲಾಕೌಟ್‌ನಲ್ಲಿ ಬೂದು ಚೌಕ

ಮೊದಲೇ ಹೇಳಿದ ಹಾಗೆ ಅದಕ್ಕೆ ಕಪ್ಪು ಬರಲ್ಲ. ಕಪ್ಪು ಸ್ಲೈಡ್ ಹಾಕಿದ್ರೂ, ಮ್ಯೂಟ್ ಒತ್ತಿದ್ರೂ ಎಷ್ಟೋ ಯಂತ್ರಗಳಲ್ಲಿ ಸ್ವಲ್ಪ ಬೆಳಕು ಸೋರತ್ತೆ, ಪೂರ್ತಿ ಕತ್ತಲೇಲಿ ಆ ಚೌಕ ಎದ್ದು ಕಾಣ್ಸತ್ತೆ, ದೃಶ್ಯ ಬದಲಾಯಿಸ್ತಿರೋ ನಟರೂ ಕಾಣ್ತಾರೆ. ಇದಕ್ಕಿರೋ ಖಾತ್ರಿ ಮದ್ದು ಲೆನ್ಸ್ ಮುಂದೆ ಒಂದು ಮುಚ್ಚಳ. ಕಪ್ಪು ಬಳಿದ ಹಗುರ ತಗಡಿಗೆ ಒಂದು ಕೀಲು, ಒಂದು ದಾರ, ದಾರ ಎಳೆದ್ರೆ ಮುಚ್ಕೊಳ್ಳತ್ತೆ ಬಿಟ್ರೆ ತೆರ್ಕೊಳ್ಳತ್ತೆ. ಲೆನ್ಸಿಗೆ ಅಂಟಿಸ್ಬೇಡಿ, ಒಂದು ಗೇಣು ದೂರ ಇರಲಿ, ಹತ್ರ ಇಟ್ರೆ ಬೆಳಕೆಲ್ಲ ಬಿಸಿಯಾಗಿ ವಾಪಸ್ ಬರತ್ತೆ. ದಾರ ಎಳೆಯೋರು ಪ್ರೊಜೆಕ್ಟರ್ ಪಕ್ಕದಲ್ಲಿ ಇರ್ಬೇಕಾಗತ್ತೆ, ಇರಲಿ, ಆ ಒಂದು ಕೆಲಸ ತಂಡದ ಹೊಸ ಹುಡುಗರಿಗೆ ಕೊಡಿ, ನಾಟಕ ಪೂರ್ತಿ ಗಮನ ಇಟ್ಟು ನೋಡೋದು ಕಲೀತಾರೆ.

ಜೊತೆಗೆ ಮೆನುವಲ್ಲಿ ಸಿಗ್ನಲ್ ಇಲ್ಲದಾಗ ತೋರಿಸೋ ನೀಲಿ ಬಣ್ಣವನ್ನ ಕಪ್ಪು ಮಾಡಿ, ಕಂಪನಿ ಲೋಗೋ ತೆಗೀರಿ, ತಾನಾಗೇ ಸೋರ್ಸ್ ಹುಡುಕೋದು ಮತ್ತೆ ತಾನಾಗೇ ಆಫ್ ಆಗೋದು ಎರಡನ್ನೂ ನಿಲ್ಸಿ. ಲ್ಯಾಪ್‌ಟಾಪ್ ಕಡೆ ಡೆಸ್ಕ್‌ಟಾಪ್ ವಾಲ್‌ಪೇಪರ್ ಕಪ್ಪು, ಪರದೆ ಎಕ್ಸ್‌ಟೆಂಡ್ ಮೋಡ್, ನೋಟಿಫಿಕೇಶನ್ ಅಪ್‌ಡೇಟ್ ಸ್ಲೀಪ್ ಎಲ್ಲ ಬಂದ್, ವೈಫೈ ಬಂದ್. ವಿಡಿಯೋ ತಡವರಿಸ್ತಿದ್ರೆ ಚಾರ್ಜರ್ ಹಾಕಿದೀರಾ ನೋಡಿ, ಬ್ಯಾಟರಿ ಉಳಿತಾಯದ ಮೋಡ್‌ನಲ್ಲಿ ತಡವರಿಸತ್ತೆ, ಆಮೇಲೆ ಫೈಲ್ 4ಕೆ ಇದ್ರೆ ಪ್ರೊಜೆಕ್ಟರಿನ ಅಳತೆಗೆ ಇಳಿಸಿ ಮತ್ತೆ ಸೇವ್ ಮಾಡಿ. ಪೆನ್‌ಡ್ರೈವಿಂದ ನೇರ ಓಡಿಸ್ಬೇಡಿ, ಕಾಪಿ ಮಾಡ್ಕೊಳ್ಳಿ.

ಎಲ್ಲ ಸರಿ ಇದೆ, ಆದ್ರೂ ಸ್ಲೈಡ್‌ಶೋ ಥರ ಕಾಣ್ತಿದೆ

ಇದನ್ನ ಯಾರೂ ದೋಷ ಅಂತ ಬರೆಯಲ್ಲ, ಆದ್ರೆ ನನ್ನ ಪ್ರಕಾರ ಇದೇ ನಿಜವಾದ ದೋಷ. ಬೆಳಕು ಸರಿ, ಫೋಕಸ್ ಸರಿ, ಆದ್ರೂ ನಟರು ಒಂದು ಫೋಟೋ ಮುಂದೆ ನಿಂತ ಹಾಗಿದೆ.

ಅಳತೆ ನೋಡಿ. ಚಿತ್ರದ ಬಾಗಿಲು 3 ಮೀಟರ್ ಎತ್ತರಕ್ಕೆ ಬಿದ್ದಿದ್ರೆ ನಟರು ಗೊಂಬೆ ಆಗ್ತಾರೆ. ಚಿತ್ರದಲ್ಲಿರೋ ದಿಗಂತದ ಗೆರೆ ಸರಿಸುಮಾರು ನಿಂತ ನಟರ ಕಣ್ಣಿನ ಎತ್ತರಕ್ಕೆ ಬರೋ ಹಾಗೆ ಇಡಿ, ತಕ್ಷಣ ಅವರು ಆ ಜಾಗದ ಒಳಗೆ ನಿಂತ ಹಾಗಾಗತ್ತೆ. ಚಿತ್ರದಲ್ಲಿ ಬಿಸಿಲು ಎಡದಿಂದ ಬಂದಿದ್ರೆ ನಟರ ಮೇಲೂ ಎಡಗಡೆ ಲೈಟ್ ಬಲವಾಗಿರಲಿ. ದೊಡ್ಡ ಬಿಳಿ ಆಕಾಶ ಇರೋ ಚಿತ್ರ ಹಾಕಿದ್ರೆ ಪ್ರೇಕ್ಷಕರ ಕಣ್ಣು ಅಲ್ಲಿಗೇ ಹೋಗತ್ತೆ, ಮುಂದಿರೋ ಮುಖ ಕಪ್ಪಾಗತ್ತೆ. ಆಕಾಶವನ್ನ ಒಂದು ಮಟ್ಟ ಇಳಿಸಿ ಮಧ್ಯಮ ನೀಲಿಗೆ ತನ್ನಿ. ರಾತ್ರಿ ಅಂದ್ರೆ ಕಡುಕಪ್ಪು ಫೋಟೋ ಹಾಕ್ಬೇಡಿ, ಸೋರಿಕೆ ಬೆಳಕಲ್ಲಿ ಅದು ಏನೂ ಇಲ್ದಂಗೆ ಕಾಣ್ಸತ್ತೆ, ಗಾಢ ನೀಲಿ ಹಿನ್ನೆಲೆ ಮೇಲೆ ಗಟ್ಟಿ ಆಕಾರಗಳನ್ನ ಇಡಿ, ಒಂದು ಮರ, ಒಂದು ಗೋಡೆ, ಒಂದು ದೀಪ. ಎಲೆ ಎಲೆ ಕಾಣೋ ಫೋಟೋಗಿಂತ ಕುಂಚದಲ್ಲಿ ಬರೆದಂಥ ದಪ್ಪ ಆಕಾರದ ಚಿತ್ರ ಕೊನೇ ಸಾಲಿಗೂ ತಲುಪತ್ತೆ. ಚಿತ್ರದ ನಾಲ್ಕೂ ಅಂಚು ಕತ್ತರಿಸಿದ ಚೌಕದ ಥರ ಇದ್ರೆ ಅಂಚನ್ನ ಕಪ್ಪಿಗೆ ಕರಗೋ ಹಾಗೆ ಮಾಡಿ, ಸ್ಲೈಡ್ ಅನ್ನೋ ಭಾವನೆ ಅರ್ಧ ಅಲ್ಲೇ ಹೋಗತ್ತೆ. ದೃಶ್ಯ ಬದಲಾಗೋದೂ ಟಕ್ ಅಂತ ಬೇಡ, ಲೈಟ್ ಎಷ್ಟು ಸೆಕೆಂಡಲ್ಲಿ ಬದಲಾಗತ್ತೋ ಚಿತ್ರಾನೂ ಅಷ್ಟೇ ಸೆಕೆಂಡಲ್ಲಿ ಬದಲಾಗಲಿ.

ಪ್ರೊಜೆಕ್ಷನ್‌ನಿಂದ ರಂಗ ಕಟ್ಟೋದು ಹೊಸದೇನಲ್ಲ, ಬರ್ಲಿನ್‌ನಲ್ಲಿ ನಿರ್ದೇಶಕ ಎರ್ವಿನ್ ಪಿಸ್ಕಾಟರ್ 1920ರ ದಶಕದಲ್ಲೇ ನಾಟಕದೊಳಗೆ ಫಿಲ್ಮ್ ತಂದವರು, 1958ರ ಬ್ರಸೆಲ್ಸ್ ವಿಶ್ವ ಮೇಳದಲ್ಲಿ ಚೆಕ್ ರಂಗವಿನ್ಯಾಸಕ ಯೋಸೆಫ್ ಸ್ವೊಬೊದಾ ಮತ್ತೆ ನಿರ್ದೇಶಕ ಆಲ್‌ಫ್ರೆಡ್ ರಾಡೊಕ್ ಲಾತೆರ್ನಾ ಮಾಗಿಕಾ ಅನ್ನೋ ಪ್ರದರ್ಶನದಲ್ಲಿ ನಟರನ್ನೂ ಚಲಿಸೋ ಚಿತ್ರವನ್ನೂ ಒಟ್ಟಿಗೆ ಆಡಿಸಿದ್ರು. ನಮ್ಮಂಥ ಬಡ ತಂಡಕ್ಕೆ ಹೆಚ್ಚು ಹತ್ರ ಅನ್ಸೋದು ಜರ್ಮನಿಯ ಅಡಾಲ್ಫ್ ಲಿನ್ನೆಬಾಖ್ ಹೆಸರಲ್ಲಿರೋ ಲ್ಯಾಂಟರ್ನ್. ಅದಕ್ಕೆ ಲೆನ್ಸೇ ಇಲ್ಲ, ಒಳಗೆ ಕಪ್ಪು ಬಳಿದ ಒಂದು ಪೆಟ್ಟಿಗೆ, ಒಂದು ಚಿಕ್ಕ ಪ್ರಖರ ಬೆಳಕು, ಮುಂದೆ ಬಣ್ಣ ಬರೆದ ಗಾಜು, ಅಷ್ಟೇ. ಅಂಚು ಮೆತ್ತಗೆ ಬರತ್ತೆ, ಬೆಟ್ಟ ಮೋಡ ಕಾಡಿಗೆ ಅದೇ ಬೇಕು. ಹಳೇ ಓವರ್‌ಹೆಡ್ ಪ್ರೊಜೆಕ್ಟರ್ ಎಲ್ಲಾದ್ರೂ ಮೂಲೇಲಿ ಬಿದ್ದಿದ್ರೆ ಅದನ್ನೂ ತಂದಿಟ್ಕೊಳ್ಳಿ, ಪಾರದರ್ಶಕ ಹಾಳೆ ಮೇಲೆ ಮಾರ್ಕರ್‌ನಲ್ಲಿ ಬರೆದ ಕಾಡು, ಅರಮನೆ, ಬೀದಿ ಮೂರು ಹಾಳೆ ದೃಶ್ಯದ ಕ್ರಮದಲ್ಲಿ ಪಕ್ಕದಲ್ಲಿರಲಿ, ಬಲ್ಬ್ ಹತ್ತತ್ತಾ ಅಂತ ಪ್ರದರ್ಶನಕ್ಕೆ ಮುಂಚೆ ಒಂದು ಸಲ ನೋಡಿಡಿ. ದೊಡ್ಡ ಪ್ರೊಜೆಕ್ಟರ್ ಆರಿ ತಣ್ಣಗಾಗ್ತಿರುವಾಗ ಆಪರೇಟರ್ ಮಾಡ್ಬೇಕಾದ್ದು ಇಷ್ಟೇ: ಮುಚ್ಚಳದ ದಾರ ಎಳೆಯೋದು, ಆ ದೃಶ್ಯದ ಹಾಳೆ ಗಾಜಿನ ಮೇಲಿಡೋದು, ಸ್ವಿಚ್ ಹಾಕೋದು.